ಗಲ್ಲಾ ಪೆಟ್ಟಿಗೆಯೋ, ಗಾಜಿನ ನಳಿಕೆಯೋ?

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ಮೇಲೆ ಮೈಸೂರಿನ ಅಂಗಡಿ ಬೀದಿಗಳಲ್ಲಿ ಎರಡು ವಾರ ಒಂದೇ ಮಾತು. ದೇವರಾಜ ಮಾರುಕಟ್ಟೆಯ ಸುತ್ತಮುತ್ತ, ಸಂತೇಪೇಟೆಯಲ್ಲಿ, ಶಿವರಾಂಪೇಟೆಯಲ್ಲಿ ತಕ್ಕಡಿ ಹಿಡಿದವರೂ ಬಿಲ್ಲು ಬರೆಯುವವರೂ ಪರಸ್ಪರ ಕೇಳಿಕೊಳ್ಳುವುದು ಇಷ್ಟೆ: "ಹುಡುಗನ್ನ ಯಾವುದಕ್ಕೆ ಹಾಕ್ದ್ರಿ ಸ್ವಾಮಿ, ಸೈನ್ಸಿಗೋ ಕಾಮರ್ಸಿಗೋ?" ಸಂಜೆ ಗ್ರಾಮಾಂತರ ನಿಲ್ದಾಣದಿಂದ ಹುಣಸೂರು, ಕೆ.ಆರ್. ನಗರ, ತಿ. ನರಸೀಪುರದ ಕಡೆ ಹೊರಡುವ ಬಸ್ಸುಗಳಲ್ಲೂ ಅದೇ ಚರ್ಚೆ. ಸೀಟು ಸಿಕ್ಕದೆ ಕಂಬಿ ಹಿಡಿದು ನಿಂತವರೂ ಇದರಲ್ಲಿ ಒಂದು ಮಾತು ಸೇರಿಸದೆ ಇಳಿಯುವುದಿಲ್ಲ.

ಅಂಗಡಿಯವರ ಲೆಕ್ಕಾಚಾರ ಸರಳ. ಮಗ ನಾಳೆ ಗಲ್ಲಾ ಮೇಲೆ ಕೂರುವವನು. ಅವನಿಗೆ ಬೇಕಾದ್ದು ಲೆಕ್ಕ, ವ್ಯವಹಾರ, ಜಿಎಸ್‌ಟಿ. ಆದ್ದರಿಂದ ಪಿಯುಸಿಯಲ್ಲಿ ಕಾಮರ್ಸು, ಆಮೇಲೆ ಬಿಬಿಎ ಇಲ್ಲವೇ ಬಿಕಾಂ. "ಉಪ್ಪು, ಸೋಡಾ, ಸೋಪು ಮಾರೋನಿಗೆ ಕೆಮಿಸ್ಟ್ರಿ ಯಾಕಪ್ಪ?" ಎಂದು ಕೇಳುವ ತಂದೆಗೆ ಎದುರು ಹೇಳುವವರು ಮನೆಯಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಹುಡುಗನಿಗೂ ಒಳಗೊಳಗೇ ಸಂತೋಷ. ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ ಮುಚ್ಚಿದ್ದೇ ಬಿಡುಗಡೆ ಎಂದುಕೊಂಡಿರುತ್ತಾನೆ.

ಕಿರಾಣಿ ಅಂಗಡಿಗೆ, ಬಟ್ಟೆ ಅಂಗಡಿಗೆ ಈ ಲೆಕ್ಕಾಚಾರ ಸರಿಯೇ ಇರಬಹುದು. ಆದರೆ ಪೇಟೆಯಲ್ಲಿ ಕೆಲವು ಅಂಗಡಿಗಳಿವೆ. ಅಲ್ಲಿ ಬಿಬಿಎ ಓದಿದ ಮಗ ಗಲ್ಲಾ ಮೇಲೆ ಕೂರಬಹುದು, ಲೈಸೆನ್ಸಿನ ಅರ್ಹತೆಯ ಕಾಲಂ ಮಾತ್ರ ತುಂಬಲಾರ. ಅದನ್ನು ತುಂಬಲು ಬೇಕಾದ್ದು ಅಪ್ಪ ಬೇಡವೆಂದ ಅದೇ ಕೆಮಿಸ್ಟ್ರಿ!

ಗೊಬ್ಬರದಂಗಡಿಯ ಗುಟ್ಟು

ಗೊಬ್ಬರ, ಕ್ರಿಮಿನಾಶಕದ ಅಂಗಡಿಯನ್ನೇ ನೋಡಿ. ಮೊದಲೆಲ್ಲ ಇದಕ್ಕೆ ಯಾವ ಡಿಗ್ರಿಯೂ ಬೇಕಿರಲಿಲ್ಲ. ಬಂಡವಾಳ, ಗೋಡೌನು, ರೈತರ ಪರಿಚಯ, ಇವಿಷ್ಟಿದ್ದರೆ ಅಂಗಡಿ. 2015ರಲ್ಲಿ ಕೇಂದ್ರ ಸರ್ಕಾರ ಕೀಟನಾಶಕ ನಿಯಮಗಳಿಗೆ ತಿದ್ದುಪಡಿ ತಂದಿತು. ಔಷಧಿ ಮಾರುವ ಲೈಸೆನ್ಸಿಗೆ ಕೃಷಿ ಪದವಿಯೋ, ಇಲ್ಲವೇ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದಂಥ ವಿಷಯವಿರುವ ವಿಜ್ಞಾನ ಪದವಿಯೋ ಇರಬೇಕೆಂದು ಗೊತ್ತುಮಾಡಿತು. ದೇಶಾದ್ಯಂತ ಅಂಗಡಿಯವರಿಂದ ಗದ್ದಲವಾಯಿತು. ಆಮೇಲೆ ಡಿಪ್ಲೊಮಾ ಆದರೂ ಆದೀತು, ಹಳಬರು ತರಬೇತಿ ಕೋರ್ಸು ಮುಗಿಸಿದರೂ ಆದೀತು ಎಂದು ಹಗ್ಗ ಸಡಿಲಿಸಿದರು. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ ಇಂಥ ಅಂಗಡಿಯವರಿಗಾಗಿಯೇ 2003ರಲ್ಲಿ ಶುರುಮಾಡಿದ್ದ 'ದೇಸಿ' ಎಂಬ ಒಂದು ವರ್ಷದ ಡಿಪ್ಲೊಮಾಕ್ಕೆ ಆಗ ಒಮ್ಮೆಲೇ ಬೆಲೆ ಬಂತು. ತಲೆ ನರೆತ ಯಜಮಾನರು ವಾರಕ್ಕೊಂದು ದಿನ ಕ್ಲಾಸಿಗೆ ಹೋಗಿ ನೋಟ್ಸು ಬರೆದುಕೊಂಡರು.

ಬಿಕಾಂ, ಬಿಬಿಎ ಎಂಬ ಹೆಸರುಗಳು ಆ ಅರ್ಹತೆಯ ಪಟ್ಟಿಯಲ್ಲಿಲ್ಲ. ಅಪ್ಪನ ಅಂಗಡಿ ನೋಡಿಕೊಳ್ಳಲೆಂದೇ ಕಾಮರ್ಸ್ ಓದಿದ ಮಗ, ಅಪ್ಪನ ಅಂಗಡಿಯ ಲೈಸೆನ್ಸಿಗೆ ಡಿಗ್ರಿಯಿದ್ದೂ ಅನರ್ಹ. ಇದಕ್ಕೇನನ್ನುತ್ತೀರಿ?

ಮೆಡಿಕಲ್ ಸ್ಟೋರಿನ ಕತೆ ಎಲ್ಲರಿಗೂ ಗೊತ್ತಿರುವುದೇ. ಡಾಕ್ಟರ ಚೀಟಿ ನೋಡಿ ಮಾತ್ರೆ ಕೊಡುವವನು ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕೆಂದು 1948ರ ಫಾರ್ಮಸಿ ಕಾಯಿದೆ ಹೇಳುತ್ತದೆ. ಅದಕ್ಕೆ ಕನಿಷ್ಠ ಡಿ. ಫಾರ್ಮ್. ಡಿ. ಫಾರ್ಮ್‌ಗೆ ಸೇರಲು ಪಿಯುಸಿಯಲ್ಲಿ ಫಿಸಿಕ್ಸು, ಕೆಮಿಸ್ಟ್ರಿ, ಜೊತೆಗೆ ಬಯಾಲಜಿ ಇಲ್ಲವೇ ಗಣಿತ ಇರಲೇಬೇಕು. ಕಾಮರ್ಸ್ ಮುಗಿಸಿ ಬಂದವನು ಅಂಗಡಿಗೆ ಯಜಮಾನನಾಗಬಹುದು, ಸಂಬಳ ಕೊಟ್ಟು ಫಾರ್ಮಸಿಸ್ಟನ್ನು ಇಟ್ಟುಕೊಳ್ಳಬೇಕು. ಇನ್ಯಾರದೋ ಸರ್ಟಿಫಿಕೇಟು ಬಾಡಿಗೆಗೆ ತಂದು ಗೋಡೆಗೆ ನೇತುಹಾಕುವ ದಂಧೆ ಯಾಕೆ ಹುಟ್ಟಿತು ಎಂದು ಬೇರೆ ವಿವರಿಸಬೇಕಿಲ್ಲ. ಅದು ಅಪರಾಧ ಎಂಬುದನ್ನು ಮಾತ್ರ ನೆನಪಿಸಿದರೆ ಸಾಕು.

ಉಪ್ಪಿನಕಾಯಿ, ಮಸಾಲೆ ಪುಡಿ, ಜ್ಯೂಸು ತಯಾರಿಸುವವರು? ಮನೆಯಲ್ಲಿ ಸಣ್ಣದಾಗಿ ಮಾಡುವವರಿಗೆ ಬರೀ ನೋಂದಣಿ ಸಾಕು. ವ್ಯಾಪಾರ ಬೆಳೆದು ಆಹಾರ ಸುರಕ್ಷತಾ ಪ್ರಾಧಿಕಾರದ ಲೈಸೆನ್ಸ್ ಮಟ್ಟಕ್ಕೆ ಬಂದರೆ ತಯಾರಿಕೆ ನೋಡಿಕೊಳ್ಳಲು ಒಬ್ಬ ತಾಂತ್ರಿಕ ವ್ಯಕ್ತಿ ಬೇಕೆಂದು 2011ರ ನಿಯಮಗಳು ಹೇಳಿದವು. ಯಾರು ಆ ವ್ಯಕ್ತಿ? ಕೆಮಿಸ್ಟ್ರಿಯೋ, ಬಯೋಕೆಮಿಸ್ಟ್ರಿಯೋ, ಮೈಕ್ರೋಬಯಾಲಜಿಯೋ ಓದಿದ ವಿಜ್ಞಾನ ಪದವೀಧರ, ಇಲ್ಲವೇ ಆಹಾರ ತಂತ್ರಜ್ಞಾನ ಕಲಿತವ. ಸ್ನೋ, ಪೌಡರ್, ಶಾಂಪೂ ತಯಾರಿಕೆಗೆ ಇನ್ನೂ ಸುಲಭದ ಬಾಗಿಲಿತ್ತು. ಔಷಧ ಮತ್ತು ಕಾಂತಿವರ್ಧಕ ನಿಯಮಾವಳಿಯಲ್ಲಿ ಒಪ್ಪಿದ ಅರ್ಹತೆಗಳಲ್ಲಿ ಒಂದು, ಕೆಮಿಸ್ಟ್ರಿ ವಿಷಯವಾಗಿದ್ದ ಇಂಟರ್‌ಮೀಡಿಯಟ್ ಪಾಸು. ಅಂದರೆ ಪಿಯುಸಿ ಮಟ್ಟದ ಕೆಮಿಸ್ಟ್ರಿ, ಅಷ್ಟೆ! ಹುಡುಗರು ಹೆದರಿ ಓಡುವ ಆ ಪುಸ್ತಕ ಒಂದು ಕಾರ್ಖಾನೆಯ ಲೈಸೆನ್ಸಿಗೆ ಸಾಕಾಗುತ್ತಿತ್ತು.

ಬಿಬಿಎ ಪುಸ್ತಕದೊಳಗೆ ಏನಿದೆ?

ಹಾಗಂತ ಬಿಬಿಎ ದಂಡ ಎಂದು ಯಾರೂ ತಿಳಿಯಬಾರದು. ಅಂಗಡಿಯವರು ತಮಗೆ ಗೊತ್ತಿದೆ ಎಂದುಕೊಂಡದ್ದು ಆ ಪುಸ್ತಕದಲ್ಲಿ ಬೇರೆ ಬೆಳಕಿನಲ್ಲಿ ಕಾಣುತ್ತದೆ.

80 ರೂಪಾಯಿಗೆ ತಂದದ್ದನ್ನು 100ಕ್ಕೆ ಮಾರಿದರೆ ಲಾಭ ಎಷ್ಟು? ಬಹಳ ಜನ "ನೂರಕ್ಕೆ ಇಪ್ಪತ್ತೈದು" ಅನ್ನುತ್ತಾರೆ. ಅಸಲಿನ ಮೇಲೆ ನೋಡಿದರೆ ಹೌದು. ಮಾರಾಟದ ಮೇಲೆ ನೋಡಿದರೆ ಇಪ್ಪತ್ತೇ. ಗಿರಾಕಿ ಚೌಕಾಸಿ ಮಾಡಿದಾಗ ಇಪ್ಪತ್ತೈದು ಕೈಯಲ್ಲಿದೆ ಎಂದುಕೊಂಡು ನೂರಕ್ಕೆ ಇಪ್ಪತ್ತೆರಡು ಬಿಟ್ಟುಕೊಟ್ಟವನು 78 ರೂಪಾಯಿಗೆ ಮಾಲು ಕೊಟ್ಟಿರುತ್ತಾನೆ. ಅಸಲಿಗೇ 2 ರೂಪಾಯಿ ಖೋತಾ. ವ್ಯಾಪಾರ ಜೋರಾಗಿಯೇ ನಡೆದಿರುತ್ತದೆ, ಗಲ್ಲಾ ಮಾತ್ರ ತುಂಬಿರುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. ಅಂಗಡಿ ಬಾಡಿಗೆ ತಿಂಗಳಿಗೆ 12,000, ಕೆಲಸದ ಹುಡುಗನಿಗೆ 10,000, ಕರೆಂಟು ಇತ್ಯಾದಿ 2,000. ಒಟ್ಟು 24,000. ಮಾರಾಟದ ಮೇಲೆ ನೂರಕ್ಕೆ 12 ಉಳಿಯುವುದಾದರೆ, ಈ ಖರ್ಚು ಹುಟ್ಟಬೇಕಾದರೇ ತಿಂಗಳಿಗೆ 2 ಲಕ್ಷ ರೂಪಾಯಿ ವ್ಯಾಪಾರ ಆಗಬೇಕು. ದಿನಕ್ಕೆ ಸುಮಾರು 6,667. ಅದರ ಮೇಲಿನದ್ದರಲ್ಲಿ ಮನೆ ಖರ್ಚು. ಬಿಬಿಎಯಲ್ಲಿ ಇದಕ್ಕೆ ಬ್ರೇಕ್ ಈವನ್ ಎನ್ನುತ್ತಾರೆ. ಅಂಗಡಿ ಇಡುವ ಮೊದಲೇ ಈ ಒಂದು ಲೆಕ್ಕ ಹಾಕಿದ್ದರೆ ಪೇಟೆಯಲ್ಲಿ ಆರು ತಿಂಗಳಿಗೊಮ್ಮೆ ಬೋರ್ಡು ಬದಲಾಗುವ ಮಳಿಗೆಗಳು ಇಷ್ಟಿರುತ್ತಿರಲಿಲ್ಲ.

ಉದ್ರಿ ವ್ಯಾಪಾರದ ಪಾಠವೂ ಅಲ್ಲಿದೆ. 50,000 ರೂಪಾಯಿ ಉದ್ರಿ ನಿಂತಿದೆ, ಅಂಗಡಿಯವನು ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿಯಲ್ಲಿ ಸಾಲ ತಂದು ಮಾಲು ಹಾಕಿದ್ದಾನೆ ಅನ್ನಿ. ಗಿರಾಕಿಯ ಪರವಾಗಿ ತಿಂಗಳಿಗೆ 1,000 ರೂಪಾಯಿ ಬಡ್ಡಿ ಕಟ್ಟುತ್ತಿರುವವನು ಅವನೇ.

ಪುಸ್ತಕದ ಉಳಿದ ಭಾಗ ಸ್ವಲ್ಪ ಒಣ. ಯೋಜನೆ, ಸಂಘಟನೆ, ಸಿಬ್ಬಂದಿ, ನಿರ್ದೇಶನ, ನಿಯಂತ್ರಣ ಎಂಬ ಐದು ಮಂತ್ರ. ಫೇಯೋಲ್ ಎಂಬ ಫ್ರೆಂಚ್ ಮಹಾಶಯನ ಹದಿನಾಲ್ಕು ಸೂತ್ರ, ಟೇಲರ್ ಎಂಬ ಅಮೆರಿಕನ್ನನ ವೈಜ್ಞಾನಿಕ ನಿರ್ವಹಣೆ. ಇವನ್ನು ಹುಡುಗರು ಉರು ಹೊಡೆದು ಪರೀಕ್ಷೆಯಲ್ಲಿ ಕಕ್ಕುತ್ತಾರೆ. ತಮಾಷೆ ಏನೆಂದರೆ ಫೇಯೋಲ್ ಓದಿದ್ದು ಗಣಿ ಎಂಜಿನಿಯರಿಂಗು, ಟೇಲರ್ ಮೆಕ್ಯಾನಿಕಲ್ ಎಂಜಿನಿಯರು. ಮ್ಯಾನೇಜ್‌ಮೆಂಟಿನ ಪಿತಾಮಹರಿಬ್ಬರೂ ಕಾರ್ಖಾನೆ, ಗಣಿಗಳಿಂದ ಬಂದವರೇ ಹೊರತು ಕಾಮರ್ಸಿನವರಲ್ಲ.

ಮೊಳೆಯೂ ಮೋಲೂ

ಇನ್ನು ಕೆಮಿಸ್ಟ್ರಿ. ಹುಡುಗರು ಇದಕ್ಕೆ ಹೆದರುವುದು ಸುಳ್ಳಲ್ಲ. ಕನ್ನಡ ಮಾಧ್ಯಮದಲ್ಲಿ ಜಲಜನಕ, ಆಮ್ಲಜನಕ, ಸಾರಜನಕ, ಪ್ರತ್ಯಾಮ್ಲ ಎಂದು ಕಲಿತು ಬಂದವನಿಗೆ ಜೂನ್ ತಿಂಗಳಲ್ಲಿ ಅವೆಲ್ಲ ಒಂದೇ ಏಟಿಗೆ ಹೈಡ್ರೋಜನ್, ಆಕ್ಸಿಜನ್, ನೈಟ್ರೋಜನ್, ಬೇಸ್ ಆಗಿಬಿಡುತ್ತವೆ. ಲೆಕ್ಚರರು ಇಂಗ್ಲಿಷಿನಲ್ಲಿ ಓಡುತ್ತಾರೆ. ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ಬಂದವನು ಮೊದಲ ಪಿರಿಯಡ್ಡಿಗೆ ಅರ್ಧ ತಾಸು ತಡ. ಅಷ್ಟರಲ್ಲಿ ಬೋರ್ಡಿನ ಮೇಲೆ 'ಮೋಲ್' ಎಂಬ ಭೂತ ಬಂದು ಕೂತಿರುತ್ತದೆ. 6.022ರ ಮುಂದೆ ಹತ್ತರ ಇಪ್ಪತ್ತಮೂರನೆಯ ಘಾತ. ಅಲ್ಲಿಗೆ ಅರ್ಧ ಕ್ಲಾಸು ಕೈಚೆಲ್ಲಿತು.

ಇದನ್ನು ಒಬ್ಬ ಹಾರ್ಡ್‌ವೇರ್ ಅಂಗಡಿಯವನಿಗೆ ಹೇಳಿದ್ದರೆ ಐದು ನಿಮಿಷದಲ್ಲಿ ಅರ್ಥ ಮಾಡಿಕೊಳ್ಳುತ್ತಿದ್ದ. ಮೊಳೆಯನ್ನು ಯಾರಾದರೂ ಎಣಿಸಿ ಕೊಡುತ್ತಾರೆಯೇ? ತೂಗಿ ಕೊಡುತ್ತಾರೆ. ಒಂದು ಮೊಳೆಯ ತೂಕ ಗೊತ್ತಿದ್ದರೆ ಕಿಲೋದಲ್ಲಿ ಎಷ್ಟು ಮೊಳೆ ಎಂದು ಲೆಕ್ಕ ಸಿಗುತ್ತದೆ. ಅಣುವನ್ನು ಎಣಿಸಲಾಗದು, ತೂಗಬಹುದು. ಡಜನ್ ಎಂದರೆ 12, ಗ್ರೋಸ್ ಎಂದರೆ 144, ಮೋಲ್ ಎಂದರೆ ಇನ್ನೊಂದು ದೊಡ್ಡ ಸಂಖ್ಯೆ. 18 ಗ್ರಾಂ ನೀರು ತೂಗಿದರೆ ಒಂದು ಮೋಲ್ ನೀರು, ಅಡಿಗೆ ಉಪ್ಪಾದರೆ 58.5 ಗ್ರಾಂ.

ಇದರಿಂದ ಏನು ಉಪಯೋಗ ಎಂದು ಕೇಳುವವರು ಯೂರಿಯಾ ಮೂಟೆ ನೋಡಬೇಕು. ಮೂಟೆಯ ಮೇಲೆ ಸಾರಜನಕ 46 ಶೇಕಡ ಎಂದಿರುತ್ತದೆ. ಎಲ್ಲಿಂದ ಬಂತು ಆ 46? ಯೂರಿಯಾದ ಅಣುಭಾರ 60. ಅದರಲ್ಲಿ ಸಾರಜನಕದ ಪರಮಾಣು ಎರಡು, ಒಂದೊಂದು 14, ಒಟ್ಟು 28. 60ರಲ್ಲಿ 28 ಎಂದರೆ ನೂರಕ್ಕೆ 46 ಚಿಲ್ಲರೆ. ಮೊದಲ ಪಿಯುಸಿ ಕೆಮಿಸ್ಟ್ರಿಯ ಮೊದಲ ಅಧ್ಯಾಯದ ಲೆಕ್ಕ ಇದು! 45 ಕಿಲೋ ಮೂಟೆಯಲ್ಲಿ ಗದ್ದೆಗೆ ಸಿಗುವ ಸಾರಜನಕ 20.7 ಕಿಲೋ. ಡಿಎಪಿ ಮೂಟೆ 50 ಕಿಲೋದ್ದು, ಅದರಲ್ಲಿ ಸಾರಜನಕ ನೂರಕ್ಕೆ 18, ಅಂದರೆ 9 ಕಿಲೋ. "ಎರಡು ಮೂಟೆ ಡಿಎಪಿ ಹಾಕಿದ್ದೀನಿ, ಇನ್ನು ಯೂರಿಯಾ ಎಷ್ಟು ಬೇಕು?" ಎಂದು ಕೇಳುವ ರೈತನಿಗೆ ಅಂದಾಜಿನಲ್ಲಿ "ಇನ್ನೊಂದೆರಡು ಹಾಕಿಬಿಡಿ" ಎನ್ನುವ ಅಂಗಡಿಯವನಿಗೂ ಲೆಕ್ಕ ಹಾಕಿ ಹೇಳುವವನಿಗೂ ಇರುವ ವ್ಯತ್ಯಾಸ ಈ ಒಂದು ಅಧ್ಯಾಯ. ಬೆಲೆ ನಿಗದಿ ಮಾಡುವ ಬಿಬಿಎ ವಿದ್ಯೆ ಇಲ್ಲಿ ನಡೆಯುವುದೂ ಇಲ್ಲ, ಯೂರಿಯಾ ಬೆಲೆಯನ್ನು ಸರ್ಕಾರವೇ ಕಟ್ಟಿಹಾಕಿದೆ.

ಅಡಿಕೆ ತೋಟದವರು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೂ ಅಷ್ಟೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದವಾಯಿತೋ ಇಲ್ಲವೋ ನೋಡಲು ಹಳಬರು ಚಾಕು ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ. ತಾಮ್ರ ಇನ್ನೂ ಬಿಡಿಯಾಗಿದೆ, ಕಬ್ಬಿಣದ ಮೇಲೆ ಬಂದು ಕೂರುತ್ತಿದೆ. ಕಾಲೇಜಿನ ಲ್ಯಾಬಿನಲ್ಲಿ ಇದನ್ನೇ ಸ್ಥಾನಪಲ್ಲಟ ಕ್ರಿಯೆ ಎಂದು ಕಲಿಸುತ್ತಾರೆ. ತೋಟದವರ ಮಗ ಮನೆಯಲ್ಲಿ ಇದನ್ನು ಕಣ್ಣಾರೆ ಕಂಡಿರುತ್ತಾನೆ, ಪರೀಕ್ಷೆಯಲ್ಲಿ ಮಾತ್ರ ಸಮೀಕರಣ ಬರೆಯಲಾರ. ಇದು ಹುಡುಗನ ತಪ್ಪೋ ಕಲಿಸುವವರ ತಪ್ಪೋ, ಪಾಲಕರೇ ಹೇಳಲಿ.

ಸೋಪು ಮಾರುವವರು ಕವರಿನ ಮೇಲೆ ಟಿಎಫ್‌ಎಂ ಎಂಬ ಮೂರು ಅಕ್ಷರ ನೋಡಿರಬಹುದು. ಸೋಪಿನಲ್ಲಿ ನಿಜವಾದ ಕೊಬ್ಬಿನ ಅಂಶ ಎಷ್ಟು ಎಂಬುದರ ಲೆಕ್ಕ ಅದು. 76 ಮತ್ತು ಮೇಲಿದ್ದರೆ ಮೊದಲ ದರ್ಜೆ, 70 ಇದ್ದರೆ ಎರಡನೆಯದು, 60 ಇದ್ದರೆ ಮೂರನೆಯದು. ಗಿರಾಕಿ "ಯಾವುದು ಒಳ್ಳೇದು?" ಎಂದಾಗ ಹೆಚ್ಚು ಕಮಿಷನ್ ಇರುವುದನ್ನು ತೋರಿಸುವ ಮೊದಲು ಒಮ್ಮೆ ಕವರು ತಿರುಗಿಸಿ ನೋಡುವುದು ಒಳಿತು.

1916ರ ಮೈಸೂರು

ವ್ಯಾಪಾರ ಬೇರೆ, ರಸಾಯನ ಬೇರೆ ಎಂದು ಭಾಗ ಮಾಡಿದವರು ಯಾರೋ ಗೊತ್ತಿಲ್ಲ, ಹಳೆಯ ಮೈಸೂರಿನವರಂತೂ ಅಲ್ಲ. ಮೊದಲ ಮಹಾಯುದ್ಧ ಶುರುವಾದಾಗ ಶ್ರೀಗಂಧದ ಕೊರಡುಗಳು ಯುರೋಪಿಗೆ ಹೋಗದೆ ರಾಶಿ ಬಿದ್ದವು. ಅಲ್ಲಿಯವರೆಗೆ ಮೈಸೂರು ಮಾರುತ್ತಿದ್ದುದು ಕೊರಡು, ಎಣ್ಣೆ ತೆಗೆದು ಲಾಭ ಉಣ್ಣುತ್ತಿದ್ದವರು ಹೊರಗಿನವರು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ಕೈಕಟ್ಟಿ ಕೂರಲಿಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ರಸಾಯನ ವಿಜ್ಞಾನಿಗಳಿಂದ ಎಣ್ಣೆ ಬಟ್ಟಿ ಇಳಿಸುವ ಪ್ರಯೋಗ ನಡೆಸಿದರು. 1916ರ ಹೊತ್ತಿಗೆ ಎಣ್ಣೆ ತೆಗೆಯುವ ಕೆಲಸ ರಾಜ್ಯದಲ್ಲೇ ಆರಂಭವಾಯಿತು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೂ ಅದೇ 1916ರಲ್ಲಿ. ಫೇಯೋಲ್ ಮಹಾಶಯ ತನ್ನ ಹದಿನಾಲ್ಕು ಸೂತ್ರ ಅಚ್ಚು ಹಾಕಿಸಿದ್ದೂ ಅದೇ ವರ್ಷ, ಇದು ಬರೀ ಕಾಕತಾಳೀಯ ಬಿಡಿ.

ಎಣ್ಣೆಯ ನಂತರ ಸೋಪು. ಎಸ್.ಜಿ. ಶಾಸ್ತ್ರಿ ಎಂಬ ರಸಾಯನ ತಜ್ಞರನ್ನು ಇಂಗ್ಲೆಂಡಿಗೆ ಕಳಿಸಿ ಸೋಪು ವಿದ್ಯೆ ಕಲಿಸಿ ತಂದರು. ಜನ ಅವರನ್ನು ಸೋಪ್ ಶಾಸ್ತ್ರಿ ಎಂದೇ ಕರೆದರು. ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿದರೆ ಸೋಪು ಮತ್ತು ಗ್ಲಿಸರಿನ್ ಎಂಬಷ್ಟಕ್ಕೆ ಅವರು ನಿಲ್ಲಲಿಲ್ಲ. ಒಡವೆ ಪೆಟ್ಟಿಗೆಯಂಥ ಡಬ್ಬಿ, ಒಳಗೆ ತೆಳುಕಾಗದ, ಮೇಲೆ ಶರಭದ ಚಿತ್ರ. ಟ್ರಾಂ ಟಿಕೆಟ್ಟಿನ ಮೇಲೆ ಜಾಹೀರಾತು ಹಾಕಿಸಿದರು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯೇ ನಡೆಯಿತು! ಕೆಮಿಸ್ಟ್ರಿ ಓದಿದವನಿಗೆ ವ್ಯಾಪಾರ ಬಾರದು ಎನ್ನುವವರು ಮೈಸೂರ್ ಸ್ಯಾಂಡಲ್ ಡಬ್ಬಿಯನ್ನು ಕೈಯಲ್ಲಿ ಹಿಡಿದು ಹಾಗೆನ್ನಲಿ.

ಮತ ಹಾಕಿದ ಬೆರಳಿನ ಕತೆಯೂ ಮೈಸೂರಿನದೇ. 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ಈಗಿನ ಮೈಸೂರು ಪೇಂಟ್ಸ್ 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಳಿಸಲಾಗದ ಶಾಯಿ ಕೊಡುತ್ತ ಬಂದಿದೆ. ಅದರ ಜೀವಾಳ ಸಿಲ್ವರ್ ನೈಟ್ರೇಟ್. ಚರ್ಮದ ಮೇಲಿನ ಉಪ್ಪಿನೊಡನೆ ಸೇರಿ, ಬೆಳಕು ತಾಗಿದೊಡನೆ ಕಪ್ಪಾಗುತ್ತದೆ. ಪಿಯು ಲ್ಯಾಬಿನಲ್ಲಿ ಕ್ಲೋರೈಡ್ ಪತ್ತೆಗೆ ಹನಿ ಹನಿಯಾಗಿ ಹಾಕುವ ದ್ರಾವಣ ಅದೇ.

ಒಂದೇ ಕಡೆ ತೆರೆಯುವ ಬಾಗಿಲು

ಈಗ ಮುಖ್ಯ ವಿಚಾರಕ್ಕೆ ಬರೋಣ. ಹದಿನಾರರ ಹುಡುಗ ಹುಡುಗಿಯರು ಪಿಯುಸಿಯಲ್ಲಿ ಯಾವ ಕಾಂಬಿನೇಷನ್ ತೆಗೆದುಕೊಳ್ಳುತ್ತಾರೋ ಅದರ ಮೇಲೆ ಮುಂದಿನ ಬಾಗಿಲುಗಳು ನಿಂತಿವೆ. ಆ ಬಾಗಿಲು ಎರಡೂ ಕಡೆ ತೆರೆಯುವುದಿಲ್ಲ.

ಸೈನ್ಸ್ ಪಿಯುಸಿ ಮಾಡಿದವನು ಮನಸ್ಸು ಬದಲಾದರೆ ಬಿಬಿಎಗೂ ಸೇರಬಹುದು, ಬಿಕಾಂಗೂ ಹೋಗಬಹುದು. ಬಿಎಸ್ಸಿ ಮುಗಿಸಿ ಪಿಜಿಸಿಇಟಿ ಬರೆದು ಎಂಬಿಎ ಮಾಡಬಹುದು. ಎಂಬಿಎಗೆ ಯಾವ ಡಿಗ್ರಿಯಾದರೂ ಆದೀತು, ಅಂಕ ಇರಬೇಕು ಅಷ್ಟೆ. ಕಾಮರ್ಸಿನ ಹೆಬಾ, ಸೆಬಾ ಮಾಡಿದವನು ಇಪ್ಪತ್ತನೆಯ ವಯಸ್ಸಿನಲ್ಲಿ ಬಿಎಸ್ಸಿ ಕೆಮಿಸ್ಟ್ರಿಗೋ, ಡಿ. ಫಾರ್ಮ್‌ಗೋ ಸೇರುತ್ತೇನೆ ಎಂದರೆ ಯಾವ ಪ್ರಿನ್ಸಿಪಾಲರೂ ಸೇರಿಸಿಕೊಳ್ಳುವಂತಿಲ್ಲ. ಮತ್ತೆ ಮೊದಲ ಪಿಯುಸಿಯಿಂದಲೇ ಬರಬೇಕು. ಹಾಗೆ ಬರುವವರು ಎಷ್ಟು ಜನ?

ಆದರೆ ಇದನ್ನು ಓದಿ ಎಲ್ಲರನ್ನೂ ಸೈನ್ಸಿಗೆ ನೂಕುವುದೂ ಮೂರ್ಖತನ. ಎರಡನೆಯ ಪಿಯುಸಿ ಕೆಮಿಸ್ಟ್ರಿಯಲ್ಲಿ ಥಿಯರಿಗೆ 70, ಪ್ರಾಕ್ಟಿಕಲ್‌ಗೆ 30 ಅಂಕ. ಆ 70ರ ಜೊತೆ ಫಿಸಿಕ್ಸು, ಗಣಿತವೂ ತಲೆ ಮೇಲೆ ಕೂರುತ್ತವೆ. ಫೇಲಾಗಿ ಮನೆಯಲ್ಲಿ ಕೂತ ಹುಡುಗನಿಗೆ ತೆರೆದ ಬಾಗಿಲುಗಳ ಪಟ್ಟಿ ಓದಿ ಹೇಳಿ ಏನು ಪ್ರಯೋಜನ? ಲೆಕ್ಕದಲ್ಲಿ ಚುರುಕಿದ್ದು ಲ್ಯಾಬಿನಲ್ಲಿ ನಿದ್ದೆ ಮಾಡುವವನು ಕಾಮರ್ಸಿಗೇ ಹೋಗಲಿ, ಚೆನ್ನಾಗಿ ಹೋಗಲಿ. ಡಾಕ್ಟರು, ಎಂಜಿನಿಯರು ಎರಡೇ ಕನಸು ಕಟ್ಟಿ ಸೈನ್ಸಿಗೆ ಹಾಕಿ, ಆ ಸೀಟು ಸಿಗದಿದ್ದಾಗ "ಬಿಎಸ್ಸಿ ಮಾಡಿ ಏನ್ ಮಾಡ್ತಾನೆ?" ಎಂದು ಮೂಗು ಮುರಿಯುವ ತಂದೆತಾಯಂದಿರದು ಇನ್ನೊಂದು ಕಾಯಿಲೆ. ಭಾರತರತ್ನ ಸಿ.ಎನ್.ಆರ್. ರಾವ್ ಅವರು 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಪಡೆದದ್ದು ಅದೇ ಬಿಎಸ್ಸಿ. ಅಷ್ಟು ಎತ್ತರ ಬೇಡ ಬಿಡಿ. ಔಷಧ, ಆಹಾರ, ಬಣ್ಣದ ಕಾರ್ಖಾನೆಗಳ ಪರೀಕ್ಷಾಲಯಗಳು ಕರೆಯುವುದೂ ಬಿಎಸ್ಸಿ ಕೆಮಿಸ್ಟ್ರಿಯವರನ್ನೇ. ಶುರುವಿನ ಸಂಬಳ ದೊಡ್ಡದಲ್ಲ, ಅದನ್ನೂ ಹೇಳಬೇಕು.

ಹೆಸರು ಬದಲಾವಣೆಯ ಗೊಂದಲವೂ ಪಾಲಕರನ್ನು ಕಾಡುತ್ತದೆ. ಹಿಂದೆ ಬಿಬಿಎಂ ಎನ್ನುತ್ತಿದ್ದುದು 2014ರಲ್ಲಿ ಯುಜಿಸಿ ಪದವಿಗಳ ಹೆಸರು ಗೊತ್ತುಮಾಡಿದ ಮೇಲೆ ಬಿಬಿಎ ಆಯಿತು. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂದಿತು. 2024-25ರಿಂದ ಬಿಬಿಎ, ಬಿಸಿಎ ಕೋರ್ಸುಗಳು ಎಐಸಿಟಿಇ ಕೈಕೆಳಗೆ ಬಂದವು. ಫೀಸು ಕಟ್ಟುವ ಮುನ್ನ ಕಾಲೇಜಿಗೆ ಆ ಅನುಮತಿ ಇದೆಯೇ, ಬಿಎಸ್ಸಿಯಾದರೆ ಲ್ಯಾಬಿನಲ್ಲಿ ಪ್ರತಿ ವಿದ್ಯಾರ್ಥಿಗೂ ಒಂದು ಬ್ಯುರೆಟ್ ಸಿಗುತ್ತದೆಯೇ ಎಂದು ಕೇಳುವ ಹಕ್ಕು ಪಾಲಕರಿಗಿದೆ. ಬಣ್ಣದ ಬ್ರೋಷರಿನಲ್ಲಿ ಕ್ಯಾಂಟೀನಿನ ಚಿತ್ರ ದೊಡ್ಡದಾಗಿರುತ್ತದೆ, ಲ್ಯಾಬಿನದು ಇರುವುದೇ ಇಲ್ಲ.

ಗೊಬ್ಬರ, ಔಷಧಿ ಅಂಗಡಿಯವರು ಇನ್ನೂ ಒಂದು ಕೆಲಸ ಮಾಡಬಹುದು. ಮಗನ ಅರ್ಜಿ ತುಂಬುವ ಮುಂಚೆ ತಮ್ಮ ಅಂಗಡಿಯ ಲೈಸೆನ್ಸು ಕೆಳಗಿಳಿಸಿ, ಧೂಳು ಒರೆಸಿ, ಅದರಲ್ಲಿ ಅರ್ಹತೆ ಯಾರ ಹೆಸರಿನಲ್ಲಿದೆ ಎಂದು ಓದುವುದು. ತಾಲ್ಲೂಕಿನ ಕೃಷಿ ಇಲಾಖೆ ಕಚೇರಿಗೆ ಹೋಗಿ ಈಗ ನಡೆಯುತ್ತಿರುವ ನಿಯಮವೇನು ಎಂದು ಕೇಳಿಕೊಂಡು ಬರುವುದು. ಅರ್ಧ ದಿನದ ಕೆಲಸ, ಬಸ್ ಚಾರ್ಜು ಬಿಟ್ಟರೆ ಖರ್ಚಿಲ್ಲ.

ಕೆಲವು ಮನೆಗಳಲ್ಲಿ ಮಗನನ್ನು ಅಂಗಡಿಗೆಂದು ಕಾಮರ್ಸಿಗೆ ಹಾಕಿ, "ಅವಳು ಹೇಗಿದ್ರೂ ಮದುವೆಯಾಗಿ ಹೋಗೋಳು, ಏನಾದ್ರೂ ಓದ್ಕೊಳ್ಲಿ" ಎಂದು ಮಗಳನ್ನು ಬಿಎಸ್ಸಿಗೆ ಬಿಟ್ಟಿರುತ್ತಾರೆ. ಲೈಸೆನ್ಸಿನ ಪ್ರಶ್ನೆ ಎದ್ದಾಗ ಅರ್ಹತೆಯ ಕಾಲಮ್ಮಿನಲ್ಲಿ ಬರೆಯಲು ಸಿಗುವುದು ಮಗಳ ಡಿಗ್ರಿಯೇ. ಅಂಗಡಿಯ ಬೋರ್ಡಿನ ಮೇಲೆ ಮಾತ್ರ ಇನ್ನೂ 'ಅಂಡ್ ಸನ್ಸ್' ಎಂದೇ ಇರುತ್ತದೆ.